ಬಳ್ಳಾರಿಯಲ್ಲಿದ್ದುಕೊಂಡೇ ಯುಎಕ್ಸ್ ಡಿಸೈನರ್ ಆಗಿದ್ದು

ಬಳ್ಳಾರಿಯಲ್ಲಿ ಡಿಸೈನ್ ಕೆಲಸಕ್ಕೆ ಬರ ಇಲ್ಲ. ಜೀನ್ಸ್ ಪ್ಯಾಂಟಿನ ಹಿಂದೆ, ಸೊಂಟದ ಹತ್ತಿರ, ಚರ್ಮದಂಥ ಒಂದು ಪಟ್ಟಿ ಇರುತ್ತಲ್ಲ, ಅದನ್ನು ಯಾರೋ ಕೂತು ಬಿಡಿಸಿರಬೇಕು. ಜೇಬಿಗೆ ನೇತುಹಾಕುವ ಟ್ಯಾಗು, ಒಳಗಿನ ಸೈಜ್ ಲೇಬಲ್ಲು, ಹುಟ್ಟುಹಬ್ಬದ ಫ್ಲೆಕ್ಸು, ಮದುವೆ ಕಾರ್ಡು, ಜಾತ್ರೆ ಬ್ಯಾನರು, ಎಲ್ಲಕ್ಕೂ ಜನ ಬೇಕು. ಬಿಕಾಂ ಮುಗಿಸಿದ ಮೇಲೆ ನಾನು ಸೇರಿದ್ದು ಇಂಥದ್ದೇ ಒಂದು ಅಂಗಡಿಗೆ. ಕೋರೆಲ್‌ಡ್ರಾ, ಫೋಟೋಶಾಪ್, ನುಡಿಯಲ್ಲಿ ಟೈಪಿಂಗ್. ಇಷ್ಟು ಬಂದರೆ ನಮ್ಮೂರಲ್ಲಿ ಕೆಲಸ ಸಿಗುತ್ತೆ.

ಗಿರಾಕಿಗಳು ನನ್ನ ಕುರ್ಚಿ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. "ಅಕ್ಕಾ, ಅಣ್ಣಾರ ಫೋಟೋ ಇನ್ನೊಂಚೂರು ದೊಡ್ಡದು ಮಾಡ್ರಿ. ಆ ಕಡೆ ಖಾಲಿ ಬಿಟ್ಟೀರಲ್ಲ, ಅಲ್ಲಿ ನಮ್ಮ ಹುಡುಗರ ಫೋಟೋ ಹಾಕ್ರಿ." ಖಾಲಿ ಜಾಗ ಕಂಡರೆ ಅವರಿಗೆ ದುಡ್ಡು ದಂಡವಾದಂತೆ. ಚದರ ಅಡಿ ಲೆಕ್ಕದಲ್ಲಿ ಕೊಡುವವರು, ಹಾಗನ್ನಿಸದೆ ಇರುತ್ತಾ? ಆ ಕೆಲಸವನ್ನು ನಾನು ಕೀಳಾಗಿ ನೋಡಲ್ಲ. ಕೈ ಚುರುಕಾಯಿತು. ಕಣ್ಣಿಗೆ ಅಳತೆ ಬಂತು. ಬಿಡಿಸಿದ್ದರ ಮೇಲೆ ಮೋಹ ಇಟ್ಟುಕೊಳ್ಳದೆ ಅಳಿಸಿ ಹಾಕೋದು ರೂಢಿಯಾಯಿತು. ಆದರೆ ಇದನ್ನು ನೋಡುವವರು ಯಾರು, ನೋಡಿ ಅವರು ಏನು ಮಾಡಬೇಕು ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

2020ರಲ್ಲಿ ಲಾಕ್‌ಡೌನ್ ಬಂತು. ಜಾತ್ರೆ ಇಲ್ಲ, ಮದುವೆ ಇಲ್ಲ, ಹುಟ್ಟುಹಬ್ಬದ ಫ್ಲೆಕ್ಸ್ ಮೊದಲೇ ಇಲ್ಲ. ಅಂಗಡಿಯ ಯಂತ್ರಕ್ಕೆ ಬಟ್ಟೆ ಹೊದಿಸಿದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ ಕಾಲೇಜು ಗೆಳತಿಯೂ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಅವಳ ಲ್ಯಾಪ್‌ಟಾಪ್ ಪರದೆಯಲ್ಲಿ ಯಾರೋ ಬರೆದ ಆಪ್‌ನ ನಕ್ಷೆಗಳಿದ್ದವು. ಡಬ್ಬಿ, ಬಾಣ, ಡಬ್ಬಿ, ಬಾಣ. "ಇದನ್ನು ಮಾಡೋಕೆ ಬೇರೆ ಜನ ಇರ್ತಾರೆ, ಯುಎಕ್ಸ್ ಡಿಸೈನರ್ ಅಂತಾರೆ. ಯುಎಕ್ಸ್ ಅಂದ್ರೆ ಯೂಸರ್ ಎಕ್ಸ್‌ಪೀರಿಯೆನ್ಸ್, ಬಳಸುವವರ ಅನುಭವ" ಅಂದಳು. ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಸರಳ ಡಬ್ಬಿಗಳಿಗೆ ಅಷ್ಟು ಸಂಬಳವಾ ಅಂತ!

ಡಬ್ಬಿ ಬರೆಯೋದಲ್ಲ, ಯಾವ ಡಬ್ಬಿ ಬೇಡ ಅಂತ ತೀರ್ಮಾನಿಸೋದಕ್ಕೆ ಸಂಬಳ ಅಂತ ಗೊತ್ತಾಗಲು ಟೈಮ್ ಹಿಡಿಯಿತು. ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ ಹೆಸರು ಡಾನ್ ನಾರ್ಮನ್. 1990ರ ದಶಕದ ಶುರುವಿನಲ್ಲಿ ಆಪಲ್ ಕಂಪನಿಯಲ್ಲಿದ್ದಾಗ ತನ್ನ ಹುದ್ದೆಯಲ್ಲೇ ಯೂಸರ್ ಎಕ್ಸ್‌ಪೀರಿಯೆನ್ಸ್ ಅನ್ನೋ ಮಾತು ಸೇರಿಸಿಕೊಂಡವರು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನೀವು ಒದ್ದಾಡಿದರೆ ದಡ್ಡರು ನೀವಲ್ಲ, ಆ ಬಾಗಿಲು ಮಾಡಿದ್ದು ಸರಿಯಿಲ್ಲ ಅನ್ನೋದು ಅವರ ವಾದದ ತಿರುಳು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಎಟಿಎಂ ಮುಂದೆ ನಿಂತ ನಮ್ಮ ಚಿಕ್ಕಮ್ಮ. ಯಾವ ಯಂತ್ರದ ಮುಂದೆ ನಿಂತರೂ ಅವಳ ಬಾಯಲ್ಲಿ ಬರೋದು ಒಂದೇ ಮಾತು: "ನಾನು ಓದಿಲ್ಲವ್ವ, ನಂಗ ತಿಳಿಯಂಗಿಲ್ಲ." ಕಾರ್ಡ್ ಯಾವ ಕಡೆ ತಿರುಗಿಸಿ ಹಾಕಬೇಕು ಅಂತ ಓದಿದ ನನಗೂ ಎಷ್ಟೋ ಸಲ ತಿಳಿದಿರಲಿಲ್ಲ. ನಾನು ಮಾತ್ರ ಯಂತ್ರಕ್ಕೆ ಬೈಯುತ್ತಿದ್ದೆ. ಅವಳು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಕಲಿಯೋದು ಎಲ್ಲಿ? ಸರಿಯಾದ ದಾರಿ ಇದೆ. ಮುಂಬೈ ಐಐಟಿಯಲ್ಲಿ 1969ರಲ್ಲೇ ಶುರುವಾದ ಐಡಿಸಿ ಅನ್ನೋ ಡಿಸೈನ್ ಶಾಲೆ ಇದೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಡಿಸೈನ್ ವಿಭಾಗ ಇದೆ. ಇವಕ್ಕೆ ಸೀಡ್ ಅನ್ನೋ ಪರೀಕ್ಷೆ ಬರೆಯಬೇಕು. ಪರೀಕ್ಷೆ ಬರೆಯಲು ಯಾವ ಡಿಗ್ರಿ ಆದರೂ ನಡೆಯುತ್ತೆ, ಬಿಕಾಂ ಕೂಡ. ಸೀಟಿಗೆ ಯಾವ ಡಿಗ್ರಿ ಬೇಕು ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಮೊದಲೇ ನೋಡಿಕೊಳ್ಳಿ. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ ಇದೆ, ಅದಕ್ಕೆ ಬೇರೆ ಪರೀಕ್ಷೆ. ಎರಡು ವರ್ಷ ಸಂಬಳ ಬಿಟ್ಟು ಓದುವ ಸ್ಥಿತಿಯಲ್ಲಿ ನಮ್ಮ ಮನೆ ಇರಲಿಲ್ಲ. ನಿಮ್ಮ ಮನೆಯಲ್ಲಿ ಅನುಕೂಲ ಇದ್ದರೆ ಆ ಪರೀಕ್ಷೆ ಬರೆಯಿರಿ. ಅಲ್ಲಿ ಓದಿ ಬಂದವರ ಜೊತೆ ಈಗ ಕೆಲಸ ಮಾಡುತ್ತೇನೆ. ಅವರ ಯೋಚನೆಗೆ ಇರುವ ಆಳ ಯೂಟ್ಯೂಬಿನಲ್ಲಿ ಸಿಗಲ್ಲ.

ಇನ್ನೊಂದು ದಾರಿ ಲಕ್ಷಗಟ್ಟಲೆ ಫೀ ಕೇಳುವ ಆನ್‌ಲೈನ್ ಬೂಟ್‌ಕ್ಯಾಂಪ್‌ಗಳು. ಅಂಥ ಒಂದು ಕಡೆಯಿಂದ ನನಗೆ ದಿನಾ ಫೋನ್ ಬರುತ್ತಿತ್ತು. "ಮೇಡಂ, ಪ್ಲೇಸ್‌ಮೆಂಟ್ ಗ್ಯಾರಂಟಿ, ಇಎಂಐ ಮಾಡಿಕೊಡ್ತೀವಿ." ಗ್ಯಾರಂಟಿಯ ಷರತ್ತುಗಳನ್ನು ಕಳಿಸಿ ಅಂದಾಗ ಫೋನ್ ಬರೋದು ನಿಂತಿತು. ನಾನು ಹಿಡಿದಿದ್ದು ಕೋರ್ಸೆರಾ ಅನ್ನೋ ಆನ್‌ಲೈನ್ ಕೋರ್ಸಿನ ತಾಣದಲ್ಲಿದ್ದ ಗೂಗಲ್‌ನ ಯುಎಕ್ಸ್ ಸರ್ಟಿಫಿಕೇಟ್. 2021ರಲ್ಲಿ ಬಂದಿದ್ದು. ಆಗ ಅದರಲ್ಲಿ ಏಳು ಭಾಗ ಇದ್ದವು. ಹಣಕಾಸಿನ ನೆರವಿಗೆ ಅರ್ಜಿ ಹಾಕಿದರೆ ಫೀ ತುಂಬಾ ಕಡಿಮೆಯಾಗುತ್ತಿತ್ತು. ಎಲ್ಲ ಇಂಗ್ಲಿಷ್. ಅದು ಕಷ್ಟವಾಯಿತು. ವಿಡಿಯೋ ನಿಲ್ಲಿಸಿ, ಕೆಳಗಿನ ಸಾಲು ಓದಿ, ಮತ್ತೆ ಹಚ್ಚುವುದು. ರಾತ್ರಿ ಊಟದ ನಂತರದ ಹೊತ್ತೆಲ್ಲ ಅದಕ್ಕೇ ಹೋಯಿತು. ಆ ಸರ್ಟಿಫಿಕೇಟನ್ನು ಇವತ್ತಿನವರೆಗೆ ಯಾವ ಕಂಪನಿಯೂ ನನ್ನ ಹತ್ತಿರ ಕೇಳಿಲ್ಲ. ಆದರೆ ಈ ಕೆಲಸದವರು ಆಡುವ ಭಾಷೆ ಅಲ್ಲಿಂದಲೇ ಬಂತು.

ಸಲಕರಣೆ ವಿಷಯ ಸಲೀಸಾಯಿತು. ಆಪ್ ಪರದೆ ಬಿಡಿಸಲು ಮೊದಲು ಎಲ್ಲರೂ ಸ್ಕೆಚ್ ಅನ್ನೋ ಸಾಫ್ಟ್‌ವೇರ್ ಬಳಸುತ್ತಿದ್ದರಂತೆ. ಅದು ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತೆ. ಮ್ಯಾಕ್ ದುಡ್ಡಿನಲ್ಲಿ ನಮ್ಮಲ್ಲಿ ಎರಡು ಹೊಲಿಗೆ ಯಂತ್ರ ಬರುತ್ತವೆ. 2016ರಲ್ಲಿ ಎಲ್ಲರಿಗೂ ತೆರೆದ ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುತ್ತೆ, ಒಬ್ಬರೇ ಕಲಿಯುವುದಕ್ಕೆ ಪುಕ್ಕಟೆ. ನನ್ನ ಹಳೇ ವಿಂಡೋಸ್ ಕಂಪ್ಯೂಟರಿಗೆ ಸಾಕಾಯಿತು. ಕೋರೆಲ್‌ಡ್ರಾ ಬಂದವರಿಗೆ ಫಿಗ್ಮಾ ಕೈಗೆ ಹತ್ತೋದು ಬೇಗ. ಹೊಸದು ಅಂದರೆ ಆಟೋ ಲೇಔಟ್ ಒಂದೇ. ಒಳಗಿನ ಅಕ್ಷರ ಉದ್ದವಾದರೆ ಬಟನ್ ತಾನೇ ಹಿಗ್ಗುತ್ತೆ, ಪಕ್ಕದ್ದು ತಾನೇ ಸರಿಯುತ್ತೆ. ಫ್ಲೆಕ್ಸ್ ಒಮ್ಮೆ ಅಚ್ಚಾದರೆ ಮುಗಿಯಿತು. ಪರದೆ ಹಾಗಲ್ಲ, ಅದರೊಳಗೆ ಏನು ಬಂದು ಕೂರುತ್ತೋ ಯಾರಿಗೆ ಗೊತ್ತು?

ಅದು ಚೆನ್ನಾಗಿ ಅರ್ಥವಾಗಿದ್ದು ಕನ್ನಡ ಹಾಕಿದಾಗ. ಈ ಭಾಗ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಯಾವ ಇಂಗ್ಲಿಷ್ ಕೋರ್ಸಿನಲ್ಲೂ ಇದು ಸಿಗಲ್ಲ.

ಅಂಗಡಿಯಲ್ಲಿ ನಾವು ಬಳಸುತ್ತಿದ್ದ ಹಳೇ ನುಡಿ ಫಾಂಟುಗಳು ಆಪ್‌ಗೆ ಬರಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಬದಲಾದರೆ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆಪ್‌ಗೆ ಯೂನಿಕೋಡೇ ಬೇಕು, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಗುರುತು ಇರುವ ವ್ಯವಸ್ಥೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಇವೆಲ್ಲ ಪುಕ್ಕಟೆ ಸಿಗುತ್ತವೆ. ಇಂಗ್ಲಿಷಿನವರು ತಲೆಬರಹ ಎದ್ದು ಕಾಣಲಿ ಅಂತ ಎಲ್ಲ ಕ್ಯಾಪಿಟಲ್ ಮಾಡುತ್ತಾರೆ, ಅಕ್ಷರಗಳ ನಡುವೆ ಜಾಗ ಬಿಡುತ್ತಾರೆ. ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ. ಜಾಗ ಬಿಟ್ಟರೆ ಪದ ಒಡೆದುಹೋದಂತೆ ಕಾಣುತ್ತೆ. ಬೋಲ್ಡ್ ಮಾಡೋಣ ಅಂದರೆ, ಸಣ್ಣ ಅಳತೆಯಲ್ಲಿ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ತುಂಬಿಹೋಗಿ ಮಸಿ ಚೆಲ್ಲಿದಂತಾಗುತ್ತೆ. ಹಾಗಾಗಿ ಅಳತೆ, ಬಣ್ಣ, ಸುತ್ತಲಿನ ಜಾಗ, ಇವುಗಳಲ್ಲೇ ಆಟ ಆಡಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಒತ್ತಕ್ಷರ. ಇಂಗ್ಲಿಷ್ ನೋಡಿ ಇಟ್ಟ ಸಾಲಿನ ಎತ್ತರದಲ್ಲಿ ಕನ್ನಡ ಕೂರಿಸಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಡಿಸೈನರ್‌ಗಳು "ನಮನ" ಅಂತ ಟೈಪ್ ಮಾಡಿ ನೋಡಿ, ಸರಿಯಾಗಿದೆ ಅಂತ ಮುಂದೆ ಹೋಗುತ್ತಾರೆ. ನಾನು ಯಾವಾಗಲೂ "ರಾಷ್ಟ್ರೀಯ", "ಸ್ವಾತಂತ್ರ್ಯ" ಹಾಕಿ ನೋಡುತ್ತೇನೆ. ಅವು ಕೂತರೆ ಎಲ್ಲವೂ ಕೂರುತ್ತೆ. ಬಟನ್ ಮೇಲಿನ ಪದ ಕೂಡ ಇಂಗ್ಲಿಷಿಗಿಂತ ಉದ್ದವಾಗೋದೇ ಹೆಚ್ಚು. ಎಷ್ಟೋ ಆಪ್‌ಗಳಲ್ಲಿ ಕನ್ನಡ ಆರಿಸಿದ ತಕ್ಷಣ ಬಟನ್ ತುದಿಯಲ್ಲಿ ಮೂರು ಚುಕ್ಕಿ ಬರೋದು ಇದಕ್ಕೇ. ಆಮೇಲೆ "ಕನ್ನಡದಲ್ಲಿ ಕೊಟ್ಟರೂ ಜನ ಬಳಸಲ್ಲ" ಅಂತ ಮೀಟಿಂಗ್‌ನಲ್ಲಿ ಹೇಳುತ್ತಾರೆ. ಅರ್ಧ ಪದ ಓದಿ ಯಾರು ದುಡ್ಡು ಕಳಿಸುತ್ತಾರೆ ಹೇಳಿ?

ಇನ್ನು ಪೋರ್ಟ್‌ಫೋಲಿಯೋ, ಅಂದರೆ ಕೆಲಸ ಕೇಳುವಾಗ ತೋರಿಸುವ ನಮ್ಮ ಕೆಲಸಗಳ ಸಂಗ್ರಹ. ಆಗ ನಾನು ನೋಡಿದ ಹೊಸಬರ ಪೋರ್ಟ್‌ಫೋಲಿಯೋಗಳಲ್ಲಿ ಅರ್ಧಕ್ಕರ್ಧ ಊಟ ತರಿಸುವ ಆಪ್‌ಗಳ ಮರುವಿನ್ಯಾಸ. ಉಳಿದರ್ಧ ಸಂಗೀತದ ಆಪ್. ಅವನ್ನು ನಾನು ಬಳಸುತ್ತಲೇ ಇರಲಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಬಳಸುತ್ತಿದ್ದದ್ದು ನೋಟ್‌ಬುಕ್ಕು. ಜೀನ್ಸ್ ಲೆಕ್ಕದ ನೋಟ್‌ಬುಕ್ಕು.

ಬಳ್ಳಾರಿ ಜೀನ್ಸ್ ಕೆಲಸ ಹೇಗೆ ನಡೆಯುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಒಂದೇ ಸೂರಿನಡಿ ಎಲ್ಲ ಆಗಲ್ಲ. ಕಟಿಂಗ್ ಮಾಸ್ಟರ್ ಥಾನು ಹಾಸಿ ಕತ್ತರಿಸುತ್ತಾನೆ. ಹೊಲಿಗೆ ಒಂದು ಕಡೆ. ಕಾಜಾ, ಗುಂಡಿ ಇನ್ನೊಂದು ಕಡೆ. ಆಮೇಲೆ ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ನಡುವೆ ದಾರದ ತುದಿ ಕತ್ತರಿಸುವ ಕೆಲಸ ಮನೆಮನೆಗೆ ಹೋಗುತ್ತೆ. ಹೆಂಗಸರು ಬಾಗಿಲ ಬಳಿ ಕೂತು ಮಾಡುತ್ತಾರೆ. ನಮ್ಮ ಚಿಕ್ಕಮ್ಮನೂ ಮಾಡುತ್ತಾಳೆ. ಎಲ್ಲಕ್ಕೂ ಪೀಸಿನ ಲೆಕ್ಕ. ಒಂದೊಂದು ಕೆಲಸಕ್ಕೆ ಒಂದೊಂದು ದರ, ಡಿಸೈನ್ ಬದಲಾದರೆ ದರವೂ ಬದಲು. ಶನಿವಾರ ಬಟವಾಡೆ. ಪ್ರತಿ ಶನಿವಾರ ಜಗಳ.

ನಮ್ಮ ಅಂಗಡಿಯಲ್ಲಿ ಲೇಬಲ್ ಮಾಡಿಸುತ್ತಿದ್ದ ಒಬ್ಬ ಯೂನಿಟ್ ಮಾಲೀಕರನ್ನು ಕೇಳಿದೆ. "ನಿಮ್ಮಲ್ಲಿ ಸುಮ್ನೆ ಕೂತು ನೋಡ್ತೀನಿ, ಏನೂ ತೊಂದರೆ ಕೊಡಲ್ಲ." ಅವರಿಗೆ ತಮಾಷೆ ಅನ್ನಿಸಿತು. "ನೋಡಾಕೇನೈತವ್ವ ಇಲ್ಲಿ?" ಅಂದರು. ಕೂರಲು ಬಟ್ಟೆ ಗಂಟು ತೋರಿಸಿದರು.

ಕೋರ್ಸಿನಲ್ಲಿ ಇಂಟರ್‌ವ್ಯೂ ಮಾಡೋದು ಹೇಗೆ ಅಂತ ಹೇಳಿಕೊಟ್ಟಿದ್ದರು. "ನಿಮಗೆ ಎಂಥ ಆಪ್ ಬೇಕು" ಅಂತ ಕೇಳಲೇಬಾರದು. ಯಾಕೆ ಅಂತ ಅಲ್ಲಿ ಗೊತ್ತಾಯಿತು. ಮಾಲೀಕರು ತಾವಾಗೇ "ಎಲ್ಲಾ ಇರಬೇಕು ನೋಡು, ಜಿಎಸ್‌ಟಿ, ಸ್ಟಾಕು, ಹಾಜರಿ" ಅಂತ ಶುರು ಮಾಡಿದರು. ಅದನ್ನು ಬಿಟ್ಟು, "ಹೋದ ಶನಿವಾರ ಏನಾಯ್ತು ಹೇಳ್ರಿ" ಅಂತ ಕೇಳಿದೆ. ಆಗ ಬಂತು ನೋಡಿ ಕಥೆ. ಒಬ್ಬ ಟೈಲರ್ ಆಲ್ಟರೇಷನ್‌ಗೆ ವಾಪಸ್ ಬಂದ ಪೀಸುಗಳನ್ನು ಮತ್ತೆ ಲೆಕ್ಕಕ್ಕೆ ಹಿಡಿದಿದ್ದ. ಮಾಲೀಕರ ಪುಸ್ತಕದಲ್ಲಿ ಅವು ಇರಲಿಲ್ಲ. ಮೇಲೆ ಅವನು ಹಬ್ಬಕ್ಕೆ ತೆಗೆದುಕೊಂಡ ಮುಂಗಡ ಬೇರೆ. ಎಷ್ಟು ಮುರಿದಿದೆ, ಎಷ್ಟು ಉಳಿದಿದೆ, ಅದಕ್ಕೂ ಇಬ್ಬರ ಬಾಯಲ್ಲೂ ಬೇರೆ ಬೇರೆ ಅಂಕಿ.

ಕೂತು ನೋಡಿದಾಗ ಇನ್ನೂ ಏನೇನೋ ಕಂಡಿತು. ಪ್ರತಿ ಟೈಲರ್ ಹತ್ತಿರವೂ ತನ್ನದೇ ಒಂದು ಲೆಕ್ಕ ಇತ್ತು. ಒಬ್ಬನದು ಜೇಬಿನ ಡೈರಿ. ಇನ್ನೊಬ್ಬನದು ಯಂತ್ರದ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದ ಗೆರೆ, ನಾಲ್ಕು ನಿಂತ ಗೆರೆಗೆ ಒಂದು ಅಡ್ಡ ಗೆರೆ. ಚಿಕ್ಕಮ್ಮನ ಓಣಿಯಲ್ಲಿ ಲೆಕ್ಕ ಬರೆಯೋದು ಪಿಯುಸಿ ಓದುವ ಮಗಳು, ಅವಳು ಕಾಲೇಜಿನಿಂದ ಬಂದ ಮೇಲೆ. ಮನೆಗೆ ಒಂದೇ ಸ್ಮಾರ್ಟ್‌ಫೋನ್. ಹಗಲು ಅದು ಗಂಡನ ಜೇಬಿನಲ್ಲಿ. ಮಾತಾಡುವ ಭಾಷೆ ಕನ್ನಡ, ತೆಲುಗು, ಉರ್ದು, ಮೂರೂ ಕಲಸಿ. ಕೆಲವರಿಗೆ ಮೂರರಲ್ಲಿ ಯಾವ ಲಿಪಿಯೂ ಬರದು. ಆದರೆ ಅಂಕಿ ಎಲ್ಲರಿಗೂ ಬರುತ್ತೆ. ಅದೂ 1, 2, 3ರ ರೂಪದಲ್ಲಿ. ಕನ್ನಡ ಅಂಕಿ ತೋರಿಸಿದರೆ ಕನ್ನಡ ಓದುವವರೂ ಒಂದು ಗಳಿಗೆ ತಡೆಯುತ್ತಿದ್ದರು.

ಜಗಳದ ಬೇರು ಕೂಡಿಸುವ ಕಳೆಯುವ ತಪ್ಪಿನಲ್ಲಿರಲಿಲ್ಲ. ಕ್ಯಾಲ್ಕುಲೇಟರ್ ಎಲ್ಲರಿಗೂ ಇತ್ತು. ಇಬ್ಬರ ಪುಸ್ತಕ ಶನಿವಾರದ ತನಕ ಒಂದನ್ನೊಂದು ನೋಡುತ್ತಲೇ ಇರಲಿಲ್ಲ, ಅಲ್ಲಿತ್ತು ಬೇರು. ಸೋಮವಾರದ ವ್ಯತ್ಯಾಸ ಸೋಮವಾರವೇ ಕಂಡರೆ ಎರಡು ಮಾತಿನಲ್ಲಿ ಮುಗಿಯುತ್ತೆ. ಆರು ದಿನ ಬಿಟ್ಟು ಕಂಡರೆ ಯಾರಿಗೆ ನೆನಪಿರುತ್ತೆ?

ಮೊದಲು ಪರದೆಗಳನ್ನು ಕಾಗದದಲ್ಲೇ ಮಾಡಿದೆ. ಅಂಗಡಿಯಲ್ಲಿ ಉಳಿದ ಟ್ಯಾಗಿನ ರಟ್ಟು ಫೋನಿನ ಅಳತೆಗೆ ಹೊಂದುತ್ತಿತ್ತು. ಪೆನ್ಸಿಲಿನಲ್ಲಿ ಬಿಡಿಸಿ ಮುಂದಿಟ್ಟು, "ಇವತ್ತು ಕೊಟ್ಟ ಪೀಸು ಬರೀರಿ" ಅನ್ನುವುದು. ಅವರು ಎಲ್ಲಿ ಒತ್ತುತ್ತಾರೋ ನೋಡಿ ಮುಂದಿನ ರಟ್ಟು ಇಡುವುದು. ಸಹಾಯ ಮಾಡಬಾರದು, ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಕಡೆಯವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಪಕ್ಕದಲ್ಲಿ ನಿಂತವರೆಲ್ಲ "ಅಲ್ಲಿ ಒತ್ತಪಾ, ಮ್ಯಾಲೆ ಒತ್ತು" ಅಂತ ಹೇಳಿಕೊಡುತ್ತಿದ್ದರು.

ಎಷ್ಟು ಜನರ ಹತ್ತಿರ ಪರೀಕ್ಷೆ ಮಾಡಬೇಕು ಅನ್ನೋದಕ್ಕೆ ಈ ಕ್ಷೇತ್ರದ ಹಳೇ ತಜ್ಞ ಯೇಕಬ್ ನೀಲ್ಸನ್ ಹೇಳಿದ ಒಂದು ಲೆಕ್ಕ ಇದೆ. ಐದು ಜನ ಸಾಕು, ತೊಡಕುಗಳಲ್ಲಿ ಸುಮಾರು ನೂರಕ್ಕೆ 85 ಸಿಕ್ಕಿಬಿಡುತ್ತವೆ ಅಂತ 2000ದಲ್ಲಿ ಬರೆದಿದ್ದರು. ಇದನ್ನು ಎಲ್ಲರೂ ಉರು ಹೊಡೆದಿರುತ್ತಾರೆ. ಅದರ ಜೊತೆ ಅವರು ಹಾಕಿದ ಷರತ್ತನ್ನು ಯಾರೂ ಹೇಳಲ್ಲ. ಬಳಸುವವರು ಬೇರೆ ಬೇರೆ ಥರದವರಾದರೆ ಒಂದೊಂದು ಗುಂಪಿನಲ್ಲೂ ಬೇರೆಯಾಗಿ ನೋಡಬೇಕು. ಮಾಲೀಕರು ಒಂದು ಗುಂಪು, ಟೈಲರ್‌ಗಳು ಒಂದು, ಮನೆಯಲ್ಲಿ ದಾರ ಕತ್ತರಿಸುವವರು ಇನ್ನೊಂದು. ಒಬ್ಬರಿಗೆ ಸಲೀಸಾದದ್ದು ಇನ್ನೊಬ್ಬರಿಗೆ ಗೋಡೆ.

ರಟ್ಟಿನಲ್ಲೂ, ಆಮೇಲೆ ಫೋನಿನಲ್ಲೂ ಕಂಡದ್ದು ಹೇಳುತ್ತೇನೆ. ಮೂಲೆಯಲ್ಲಿ ಮೂರು ಅಡ್ಡಗೆರೆಯ ಮೆನು ಇರುತ್ತಲ್ಲ, ಅದನ್ನು ಒಬ್ಬರೂ ಒತ್ತಲಿಲ್ಲ. ಅದು ಒತ್ತುವ ವಸ್ತು ಅಂತಲೇ ಅನ್ನಿಸಿರಲಿಲ್ಲ. ಪರದೆಯ ಕೆಳಗೆ ಇನ್ನೂ ಇದೆ ಅಂತ ತಿಳಿಯಬೇಕಾದರೆ ಕೊನೆಯ ಸಾಲು ಅರ್ಧ ಕತ್ತರಿಸಿದಂತೆ ಕಾಣಬೇಕು, ಪೂರ್ತಿ ಕಂಡರೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ವಾಷಿಂಗ್ ಯೂನಿಟ್ಟಿನವರ ಕೈ ಸದಾ ಒದ್ದೆ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳಲ್ಲ. ಬಟನ್ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಆಂಡ್ರಾಯ್ಡ್‌ನವರು ಕನಿಷ್ಠ 48 ಡಿಪಿ ಅನ್ನುತ್ತಾರೆ, ಆಪಲ್‌ನವರು 44 ಪಾಯಿಂಟ್ (ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು). ನಾನು ಅದನ್ನೂ ಮೀರಿ ದೊಡ್ಡದು ಮಾಡಿದೆ. ಗುರಿ ದೊಡ್ಡದಿದ್ದಷ್ಟೂ, ಹತ್ತಿರವಿದ್ದಷ್ಟೂ ಕೈ ಬೇಗ ಮುಟ್ಟುತ್ತೆ ಅಂತ 1954ರಲ್ಲೇ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಲೆಕ್ಕ ಹಾಕಿ ತೋರಿಸಿದ್ದಾರೆ.

ಬಣ್ಣದ್ದು ಇನ್ನೊಂದು. ಬಿಳಿ ಮೇಲೆ ತೆಳು ಬೂದು ಅಕ್ಷರ ಈಗಿನ ಫ್ಯಾಷನ್. ಎಸಿ ರೂಮಿನಲ್ಲಿ ಚೆಂದ. ನಮ್ಮೂರ ಏಪ್ರಿಲ್ ಬಿಸಿಲಿಗೆ ಆ ಫೋನ್ ಹಿಡಿದು ನೋಡಿ, ಏನೂ ಇಲ್ಲ, ಬರೀ ನಿಮ್ಮ ಮುಖ ಕಾಣುತ್ತೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ವೆಬ್‌ನ ಸುಲಭ ಬಳಕೆಯ ನಿಯಮ ಇದೆ. ಕಣ್ಣು ಮಂದವಾದವರಿಗಾಗಿ ಮಾಡಿದ ಆ ನಿಯಮ ಬಳ್ಳಾರಿಯಲ್ಲಿ ಎಲ್ಲರಿಗೂ ಬೇಕು.

ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಒಂದು ಪ್ರಶ್ನೆ: "ಹೋಯ್ತಾ?" ಬಟನ್ ಒತ್ತಿದ ಮೇಲೆ ಎಲ್ಲರೂ ತಲೆ ಎತ್ತಿ ನನ್ನನ್ನು ಕೇಳುತ್ತಿದ್ದರು. ಹಸಿರು ಟಿಕ್ ಮೂಡಿದ್ದು ಸಾಕಾಗಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಯುಪಿಐ ದುಡ್ಡು ಬಂದಾಗ ಡಬ್ಬಿ ಕೂಗಿ ಹೇಳುತ್ತಲ್ಲ, ಅದು ಅಭ್ಯಾಸವಾಗಿತ್ತು. ಅಂಕಿಯನ್ನು ಜೋರಾಗಿ ಓದಿ ಹೇಳುವ ಹಾಗೆ ಮಾಡಿದ ಮೇಲೆ ಆ ಪ್ರಶ್ನೆ ನಿಂತಿತು. ವ್ಯವಸ್ಥೆ ಈಗ ಯಾವ ಸ್ಥಿತಿಯಲ್ಲಿದೆ ಅಂತ ಬಳಸುವವರಿಗೆ ತಿಳಿಯುತ್ತಿರಬೇಕು ಅನ್ನೋದು ನೀಲ್ಸನ್ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದು. ನಾನು ಅದನ್ನು ಪರೀಕ್ಷೆಗೆ ಓದುವ ಹಾಗೆ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಮಾತ್ರ ಆ ಬಟ್ಟೆ ಗಂಟಿನ ಮೇಲೆ ಕೂತಾಗ.

ಕೊನೆಗೆ ಆಪ್ ತುಂಬಾ ಸಣ್ಣದಾಯಿತು. ಮಾಲೀಕರಿಗೆ ಒಂದೇ ಪರದೆ: ಯಾರು, ಯಾವ ಕೆಲಸ, ಎಷ್ಟು ಪೀಸು. ಕೆಲಸಕ್ಕೆ ಹೆಸರಿನ ಜೊತೆ ಚಿತ್ರ, ಜೇಬು, ಜಿಪ್ಪು, ಕಾಜಾ. ಕೆಲಸಗಾರರಿಗೆ ಆಪ್ ಬೇಡವೇ ಬೇಡ. ಸಂಜೆ ಮನೆಯ ವಾಟ್ಸಾಪ್‌ಗೆ ಒಂದು ಚೀಟಿಯ ಚಿತ್ರ ಹೋಗುತ್ತೆ: ಇವತ್ತಿನ ಪೀಸು, ವಾಪಸ್ ಬಂದದ್ದು, ಉಳಿದ ಮುಂಗಡ. ಜೊತೆಗೆ ಧ್ವನಿಯಲ್ಲೂ. ಸರಿ ಇಲ್ಲದಿದ್ದರೆ ಬೆಳಿಗ್ಗೆ ಬಂದು ಕೇಳಬಹುದು. ನನಗೆ ಕೋಡಿಂಗ್ ಬರಲ್ಲ. ಹಾಗಾಗಿ ಮೊದಲ ಕೆಲವು ವಾರ ಗೂಗಲ್ ಶೀಟಿನಲ್ಲಿ ಲೆಕ್ಕ ಬರೆದು, ಚೀಟಿಗಳನ್ನು ನಾನೇ ಮಾಡಿ ಕಳಿಸಿದೆ. ಆಪ್ ಕಟ್ಟುವ ಮೊದಲೇ ಅದು ಕೆಲಸಕ್ಕೆ ಬರುತ್ತಾ ಅಂತ ನೋಡುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಈ ಒಂದೇ ಕೆಲಸವನ್ನು ಪೋರ್ಟ್‌ಫೋಲಿಯೋದಲ್ಲಿ ಮುಂದೆ ಇಟ್ಟೆ. ಗೋಡೆಯ ಗೆರೆಯ ಫೋಟೋ, ರಟ್ಟಿನ ಪರದೆಗಳು, ಯಾರೂ ಒತ್ತದ ಮೆನು, ಎಲ್ಲ ಹಾಕಿದೆ. ಮುಖ ಕಾಣುವ ಫೋಟೋ ಹಾಕಲಿಲ್ಲ.

ಕೆಲಸ ಹುಡುಕುವುದು ಬೇಸರದ ಕಥೆ, ಬೇಗ ಮುಗಿಸುತ್ತೇನೆ. ಹೆಚ್ಚಿನ ಕಡೆ ಉತ್ತರವೇ ಬರಲಿಲ್ಲ. ಎರಡು ವರ್ಷದ ಅನುಭವ ಇರುವ ಫ್ರೆಶರ್ ಬೇಕು ಅಂತ ಕೇಳುವವರಿದ್ದರು. ಒಂದು ಕಂಪನಿ ಮನೆಯಲ್ಲಿ ಮಾಡಿ ತನ್ನಿ ಅಂತ ಒಂದು ಟಾಸ್ಕ್ ಕೊಟ್ಟಿತು. ಪೂರ್ತಿ ಹದಿನೈದು ಪರದೆ, ಅವರದೇ ಆಪ್‌ನದು. ಮಾಡಿಕೊಟ್ಟೆ. ಆಮೇಲೆ ಫೋನ್ ಇಲ್ಲ, ಮೇಲ್ ಇಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅವರ ಸ್ವಂತ ಉತ್ಪನ್ನದ ಮೇಲೆ ದಿನಗಟ್ಟಲೆ ಕೆಲಸ ಕೇಳಿದರೆ ದುಡ್ಡು ಕೇಳು, ಇಲ್ಲದಿದ್ದರೆ ಬೇರೆ ವಿಷಯ ಕೇಳು. ಒಳ್ಳೆಯ ಕಂಪನಿಗಳು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಇಂಗ್ಲಿಷ್ ಬಗ್ಗೆ ಹೆದರಿಕೆ ಇತ್ತು. ನಮ್ಮ ಕಡೆಯಿಂದ ಹೋಗುವವರಿಗೆ ಎಲ್ಲರಿಗೂ ಇರುತ್ತೆ. ವ್ಯಾಕರಣ ಯಾರೂ ನೋಡಲಿಲ್ಲ ಅನ್ನೋದು ನಿಜ. ಆದರೆ ನಾನು ಮಾಡಿದ್ದಕ್ಕೆ ಕಾರಣ ಹೇಳಲು ಬರಬೇಕಿತ್ತು. ಕನ್ನಡಿ ಮುಂದೆ ನಿಂತು ಜೀನ್ಸ್ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅಪ್ಪ ಹೊರಗಿನಿಂದ "ಯಾರ ಜೊತೆ ಮಾತಾಡ್ತಿದ್ದೀ?" ಅನ್ನುತ್ತಿದ್ದರು.

ಕೆಲಸ ಸಿಕ್ಕ ಇಂಟರ್‌ವ್ಯೂಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋದೆ. ರಾತ್ರಿ ಹತ್ತಿದರೆ ಗುಂತಕಲ್ ಸುತ್ತಿ ಬೆಳಿಗ್ಗೆ ಬೆಂಗಳೂರು. ಅಪ್ಪನೂ ಬಂದಿದ್ದರು. ರೈತರಿಗೆ ಬೀಜ, ಗೊಬ್ಬರದ ಮಾಹಿತಿ ಕೊಡುವ ಆಪ್ ಮಾಡುವ ಸಣ್ಣ ಕಂಪನಿ. ಬಿಳಿ ಬೋರ್ಡ್ ಮುಂದೆ ನಿಲ್ಲಿಸಿ, "ಓದಲು ಬಾರದವರಿಗೆ ಬಸ್ ಟಿಕೆಟ್ ಯಂತ್ರ ಮಾಡಿ" ಅಂದರು. ಪರದೆ ಬರೆಯಲು ಹೋಗಲಿಲ್ಲ. ಯಾವ ಊರು, ಯಾವ ಬಸ್ ನಿಲ್ದಾಣ, ಕಂಡಕ್ಟರ್ ಇರುತ್ತಾನಾ ಅಂತ ಕೇಳುತ್ತಾ ಹೋದೆ. "ನಿಮ್ಮ ಜೀನ್ಸ್ ಚೀಟಿ ಗೆದ್ದಿತು ಅಂತ ಹೇಗೆ ಹೇಳುತ್ತೀರಿ?" ಅಂತಲೂ ಕೇಳಿದರು. ಜನಕ್ಕೆ ಇಷ್ಟವಾಯಿತು ಅಂದರೆ ಅಲ್ಲಿ ನಡೆಯಲ್ಲ. ಕೆಲಸ ಪೂರ್ತಿ ಮಾಡಿದವರೆಷ್ಟು, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಎಡವಿದರು, ಶನಿವಾರದ ಬಟವಾಡೆ ಎಷ್ಟು ಬೇಗ ಮುಗಿಯಿತು, ಇಂಥದ್ದು ಹೇಳಬೇಕು. ಬಟವಾಡೆ ಕತ್ತಲಾಗುವ ಮೊದಲೇ ಮುಗಿಯುತ್ತಿದೆ ಅಂತ ಹೇಳಿದೆ.

ಸಂಬಳ ಫ್ಲೆಕ್ಸ್ ಅಂಗಡಿಗಿಂತ ಚೆನ್ನಾಗಿದೆ. ಯೂಟ್ಯೂಬ್ ವಿಡಿಯೋಗಳ ಮುಖಪುಟದಲ್ಲಿ ಕೂಗುವಷ್ಟು ಇಲ್ಲ. ತಿಂಗಳಲ್ಲಿ ಸ್ವಲ್ಪ ದಿನ ಬೆಂಗಳೂರು, ಉಳಿದದ್ದು ಬಳ್ಳಾರಿಯಿಂದಲೇ. ಸಿರುಗುಪ್ಪದ ಕಡೆ ಭತ್ತದವರ ಹತ್ತಿರ, ಸಂಡೂರಿನ ಕಡೆ ಹೋಗಿ ನೋಡಿ ಬರಲು ನಾನು ಇಲ್ಲಿರೋದೇ ಅವರಿಗೂ ಅನುಕೂಲ. ದಿನದ ಕೆಲಸದಲ್ಲಿ ಚೆಂದದ ಪರದೆ ಬಿಡಿಸೋದು ಸ್ವಲ್ಪವೇ. ನೆಟ್‌ವರ್ಕ್ ಹೋದರೆ ಏನು ತೋರಿಸಬೇಕು, ಮೊದಲ ಸಲ ತೆರೆದಾಗ ಏನೂ ಇಲ್ಲದ ಪರದೆ ಹೇಗಿರಬೇಕು, ತಪ್ಪು ನಂಬರ್ ಹಾಕಿದರೆ ಯಾವ ಮಾತಿನಲ್ಲಿ ಹೇಳಬೇಕು, ಇವೇ ಜಾಸ್ತಿ. ಆಮೇಲೆ ಡೆವಲಪರ್‌ಗಳ ಜೊತೆ ಒತ್ತಕ್ಷರಕ್ಕಾಗಿ ಜಗಳ. ಈಗ ಎಐಗೆ ಒಂದು ಸಾಲು ಬರೆದರೆ ಪರದೆ ಬಿಡಿಸಿಕೊಡುತ್ತೆ. ನಾನೂ ಬಳಸುತ್ತೇನೆ. ಅದು ಬಿಡಿಸಿಕೊಡುವ ಮೂಲೆಯ ಮೆನುವನ್ನು ನಮ್ಮ ಓಣಿಯಲ್ಲಿ ಯಾರೂ ಒತ್ತಲ್ಲ ಅಂತ ನಾನೇ ಹೇಳಬೇಕು.

ಜೀನ್ಸ್ ಚೀಟಿ ಆ ಯೂನಿಟ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಟೆಸ್ಟಿಂಗ್ ಗೆಳತಿ ಅವಳ ಸ್ನೇಹಿತರಿಂದ ಒಂದು ಸಣ್ಣ ಆಪ್ ಕಟ್ಟಿಸಿಕೊಟ್ಟಳು. ಕೌಲ್ ಬಜಾರ್ ಕಡೆ ಇನ್ನೊಬ್ಬ ಮಾಲೀಕರ ಹತ್ತಿರ ಹೋಗಿ ತೋರಿಸಿದೆ. ಪೂರ್ತಿ ನೋಡಿದರು. ಒಂದೂ ಕಡೆ ಎಡವಲಿಲ್ಲ, ಒಂದೂ ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಅಷ್ಟು ಚೆನ್ನಾಗಿ ಯಾರೂ ಬಳಸಿರಲಿಲ್ಲ. "ಚಲೋ ಮಾಡೀಯವ್ವ" ಅಂದರು. ಆಮೇಲೆ, "ಚೀಟಿ ಕಳಿಸೋದು ತೆಗೆದುಬಿಡು. ಲೆಕ್ಕ ನನ್ನ ಹತ್ರ ಇದ್ರೆ ಸಾಕು" ಅಂದರು.

ತೆಗೆಯಲಿಲ್ಲ. ಅವರು ಆಪ್ ಹಾಕಿಕೊಳ್ಳಲಿಲ್ಲ. ಅವರ ಯೂನಿಟ್ಟಿಗೆ ದಾರ ಕತ್ತರಿಸುವ ಹೆಂಗಸರ ಹತ್ತಿರ ಈಗ ಮಾತಾಡುತ್ತಿದ್ದೇನೆ. ಮಾಲೀಕರ ಪುಸ್ತಕವೇ ಇಲ್ಲದೆ, ತಮ್ಮ ಪೀಸನ್ನು ತಾವೇ ಹೇಳಿ ಇಟ್ಟುಕೊಳ್ಳುವಂಥದ್ದು ಏನಾದರೂ ಆಗುತ್ತಾ ಅಂತ ನೋಡಬೇಕು. ಫೋನ್ ಹಗಲು ಗಂಡನ ಜೇಬಿನಲ್ಲಿರುತ್ತೆ ಅನ್ನೋದು ಇಲ್ಲೂ ಮೊದಲ ತೊಡಕು. ಹಾಗಾಗಿ ಸದ್ಯಕ್ಕೆ ಮತ್ತೆ ಟ್ಯಾಗಿನ ರಟ್ಟು, ಪೆನ್ಸಿಲ್ಲು.